ಬೆಳೆಯುವ ಕಂಪನಿಯ ಹುಡುಗ

ಶಿರಾಡಿ ಇಳಿದು ಬಂದ ರಾತ್ರಿ ಬಸ್ಸು ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಇಳಿಸುವ ಹುಡುಗರಲ್ಲಿ ಇವನನ್ನು ಗುರುತಿಸುವುದು ಸುಲಭ. ಅಂಗಿಯ ಮೇಲೆ ಕಂಪನಿಯ ಹೆಸರು, ಬ್ಯಾಗಿನ ಮೇಲೆ ಕಂಪನಿಯ ಹೆಸರು, ನೀರಿನ ಬಾಟಲಿಯ ಮೇಲೂ ಅದೇ. ಚಪ್ಪಲಿ ಮಾತ್ರ ಸ್ವಂತದ್ದು.

ಹೋದ ಅಷ್ಟಮಿಗೆ ಬಂದಾಗ ‘ಅಸೋಸಿಯೇಟ್’ ಆಗಿದ್ದ. ದೀಪಾವಳಿಗೆ ‘ಲೀಡ್’. ಈಗ ‘ಹೆಡ್’. ಕೈಕೆಳಗೆ ಎಷ್ಟು ಜನ ಎಂದು ಕೇಳಬಾರದು; ನೇಮಕಾತಿ ನಡೆಯುತ್ತಾ ಉಂಟು.

ಈ ತಳಿ ಸುಮ್ಮನೆ ಹುಟ್ಟಿದ್ದಲ್ಲ. 1981ರಲ್ಲಿ ಶುರುವಾದ ಇನ್ಫೋಸಿಸ್ 1993ರಲ್ಲಿ ಷೇರುಪೇಟೆಗೆ ಬಂತು, ನೌಕರರಿಗೂ ಷೇರು ಹಂಚಿ ಹಲವರನ್ನು ಕೋಟ್ಯಧಿಪತಿ ಮಾಡಿತು. ಮುಡಿಪಿನ ಗುಡ್ಡದಲ್ಲಿ ಅದರ ಕ್ಯಾಂಪಸ್ ಏಳುವ ಮೊದಲೇ ಆ ಕಥೆ ಬಂಟ್ವಾಳದ ಜಗಲಿಗಳನ್ನು ಹತ್ತಿತ್ತು. ಆಮೇಲೆ ಉಜಿರೆಯಲ್ಲಿ, ಮಿಜಾರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಬಂದವು. ಕಥೆ ನಂಬುವವರಿಗೆ ಬರ ಬರಲಿಲ್ಲ.

ಇವನ ಸಂಬಳದ ಒಂದು ಪಾಲೂ ಷೇರಿನಲ್ಲೇ. ಪೂರ್ತಿ ಕೈಗೆ ಬರಲಿಕ್ಕೆ ನಾಲ್ಕು ವರ್ಷ ಬೇಕು. ಮೊದಲ ವರ್ಷ ತುಂಬುವ ಮೊದಲು ಬಿಟ್ಟರೆ ಸೊನ್ನೆ. ಅಪ್ಪನಿಗೆ ಕೂಡಲೇ ಅರ್ಥವಾಯಿತು. “ಅಡಿಕೆ ಸಸಿಯ ಹಾಗೆ. ಫಸಲು ಕಾಣಲಿಕ್ಕೆ ಐದಾರು ವರ್ಷ ನೀರು ಹೊಯ್ಯಬೇಕು. ಅಲ್ಲ ಮಗಾ, ತೋಟ ಯಾರದ್ದು?”

ನಗುವುದು ಸುಲಭ. ಆ ಮನೆಯ ಸೋರುವ ಹಂಚು ಹೋಗಿ ತಾರಸಿ ಬಂದದ್ದು, ತಂಗಿಯ ಫೀಸು ಕಟ್ಟಿದ್ದು ಇವನ ಸಂಬಳದಲ್ಲೇ.

ಆದರೆ ಊರಿಗೆ ಬಂದರೂ ಬೆಳೆಯುವ ರೋಗ ಬಿಡುವುದಿಲ್ಲ. 2020ರಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕಂಬಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ವಿಷಯ ಮೂಡುಬಿದಿರೆ ಕಂಬಳದಲ್ಲಿ ಯಾರೋ ಎತ್ತಿದರು. “ಮುಂದಿನ ಕ್ವಾರ್ಟರಿನ ಟಾರ್ಗೆಟ್ ಎಷ್ಟು?” ಎಂದ ಇವನು. ಕೋಣದ ಯಜಮಾನರು ಕೋಣದ ಮುಖ ನೋಡಿದರು. ಅಲ್ಲಿಂದ ಸಾವಿರ ಕಂಬದ ಬಸದಿಗೆ ಹೋದವ, 1430ರಲ್ಲಿ ಕಟ್ಟಿಸಿದ್ದೆಂದು ಕೇಳಿ ತಲೆದೂಗಿದ. ಮತ್ತೆ ಕೇಳಿದ: “ಸಾವಿರ ಕಂಬಕ್ಕೇ ನಿಲ್ಲಿಸಿದರಾ?”

ಮೊನ್ನೆ ಬೆಳ್ತಂಗಡಿಗೆ ಹುಡುಗಿ ನೋಡಲು ಹೋಗಿದ್ದ. ಹುಡುಗಿಯ ತಂದೆಗೆ ಪೇಟೆಯಲ್ಲಿ ಜೀನಸು ಅಂಗಡಿ.

“ನಿಮ್ಮ ಕಂಪನಿ ಎಂತ ಮಾಡುವುದು?”

“ಬೆಳೆಯುವುದು ಅಂಕಲ್. ವರ್ಷಕ್ಕೆ ಎರಡರಷ್ಟು.”

“ಒಳ್ಳೆಯದು. ಲಾಭ?”

“ಲಾಭ ಈಗ ನೋಡುವುದಿಲ್ಲ. ಹೂಡಿಕೆದಾರರು ಹಣ ಹಾಕುತ್ತಾ ಇದ್ದಾರೆ.”

ಪ್ರಾಯವಿಡೀ ಲಾಭ ನೋಡಿಯೇ ಅಂಗಡಿ ನಡೆಸಿದ ಮನುಷ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದು, “ಅವರಲ್ಲಿ ಒಬ್ಬರ ನಂಬರ್ ಕೊಡಿ ಮಾರಾಯ್ರೆ” ಎಂದರು.

ಹುಡುಗಿ ಕೇಳಿದ್ದು ಒಂದೇ. “ಆದಿತ್ಯವಾರ ರಜೆ ಉಂಟಲ್ಲ?”

“ಹೌದೌದು, ಇವತ್ತೂ ರಜೆಯೇ” ಎಂದ, ತೊಡೆಯ ಮೇಲಿನ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ.