ಬಂಗು ಮೀಮಾಂಸೆ

ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದಾಗಿ ಹರಡಿ, ಹೊತ್ತವಳಿಗಿಂತ ಮೊದಲು ನೆರೆಯವಳ ಕಣ್ಣಿಗೆ ಬೀಳುವ ಕಲೆಯೇ ಬಂಗು. ಇದು ಲಕ್ಷಣ. ಪ್ರಮಾಣ ಬೇಕೆಂದರೆ ಕನ್ನಡಿ ಸಾಲದು, ಮದುವೆಮನೆಗೆ ಹೋಗಬೇಕು. "ಯಾಕ ತಂಗೆವ್ವಾ, ಮಾರಿ ಮ್ಯಾಲೆ ಬಂಗ ಬಿದ್ದಾವಲ್ಲ?" ಎಂಬ ಶಬ್ದಪ್ರಮಾಣ ಅಲ್ಲಿ ಊಟಕ್ಕಿಂತ ಮೊದಲೇ ಬಡಿಸಲ್ಪಡುತ್ತದೆ.

ಕಾರಣದ ವಿಷಯದಲ್ಲಿ ಪೂರ್ವಪಕ್ಷಗಳು ಹಲವು. ಎರಿ ಮಣ್ಣಿನ ಕಪ್ಪು ಅಂಗಾಲಿನಿಂದ ಮೇಲೇರುತ್ತದೆ ಎಂಬುದು ನರಗುಂದದ ಪಂಥ. ಹಾಗಿದ್ದರೆ ಆ ಸೀಮೆಯ ಎತ್ತುಗಳೆಲ್ಲ ಇಷ್ಟೊತ್ತಿಗೆ ಎಮ್ಮೆಗಳಾಗಬೇಕಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳೇ ಕಾರಣವೆಂದು ಗಜೇಂದ್ರಗಡದವರ ವಾದ. ಆ ಯಂತ್ರ ಬರುವ ಮೊದಲೇ ಅಜ್ಜಿಗೂ ಬಂಗಿತ್ತು ಎಂದಾಗ ಸುಮ್ಮನಾದರು. ರೋಣದ ವಿದ್ವಾಂಸರು "ಪಿತ್ತ" ಎಂದು ಒಂದೇ ಶಬ್ದದಲ್ಲಿ ಮುಗಿಸಿ ಚಹಾ ತರಿಸಿದರು.

ಸಿದ್ಧಾಂತ ಹೀಗಿದೆ: ಚರ್ಮದಲ್ಲಿರುವ ಮೆಲನೋಸೈಟ್ ಕೋಶಗಳು ಬಿಸಿಲು ತಾಗಿದಾಗ ಮೆಲನಿನ್ ಎಂಬ ಬಣ್ಣ ತಯಾರಿಸುತ್ತವೆ. ಬಸಿರು, ಗರ್ಭನಿರೋಧಕ ಗುಳಿಗೆ, ಮನೆತನದ ಗುಣ ಕೂಡಿದರೆ ಬಣ್ಣ ಅಲ್ಲಲ್ಲಿ ಹೆಚ್ಚಾಗಿ ಸುರಿಯುತ್ತದೆ. ಸಂಶಯವಿದ್ದವರು ಹೆಸರಿನ ಹೊಲದಲ್ಲಿ ಕಸ ತೆಗೆಯುವ ಹೆಂಗಸರನ್ನು ನೋಡಬಹುದು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಸೆರಗು. ಅಂಗಿಯ ಗುಂಡಿ ಬಿಚ್ಚಿ ತೋಳು ಮಡಚಿದರೆ ಮೊಣಕೈ ಹತ್ತಿರ ಮೈಯ ಅಸಲು ಬಣ್ಣ ಕಾಣುತ್ತದೆ. ಮಾರಿಗೆ ಮಾತ್ರ ಯಾರೂ ಅಂಗಿ ಹೊಲಿಸಿಲ್ಲ.

ಇನ್ನು ಚಿಕಿತ್ಸಾ ಪ್ರಕರಣ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ. ಒಂದು ಬಂಗು ತೆಗೆಯಲು ಹೋಗಿ ಎರಡು ಗಳಿಸುವ ಮಾರ್ಗವಿದು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಂದ ಟ್ಯೂಬಿನ ಮಹಿಮೆ ಬೇರೆ. ಅದರಲ್ಲಿ ಬೀಟಾಮೆಥಾಸೋನ್‌ನಂಥ ಸ್ಟೆರಾಯ್ಡ್ ಇದ್ದರೆ ಮೊದಲಿಗೆ ಮಾರಿ ಫಳಫಳ, ಓಣಿಯೆಲ್ಲ ಹೆಸರು ಕೇಳಿ ಬರೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳೆದ್ದು, ಮೊಡವೆ, ಕೂದಲು, ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಿತು. ಅಧಿಸೂಚನೆಗೆ ಓಣಿಯ ಭಾಷೆ ಬರುವುದಿಲ್ಲ.

ಇತಿಹಾಸಕಾರರಿಗೊಂದು ಕುತೂಹಲ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೆರಾಯ್ಡ್ ಮೂರನ್ನೂ ಕೂಡಿಸಿದ ಕ್ಲಿಗ್‌ಮನ್ ಸೂತ್ರ ಪ್ರಕಟವಾದದ್ದೂ, ಫೇರ್ ಅಂಡ್ ಲವ್ಲಿ ನಮ್ಮ ಮಾರುಕಟ್ಟೆಗೆ ಬಂದದ್ದೂ 1975ರಲ್ಲೇ. ಮೊದಲನೆಯದನ್ನು ವೈದ್ಯರು ಕೆಲವೇ ವಾರ, ಕಣ್ಣಿಟ್ಟು ಕೊಡುತ್ತಾರೆ. ಎರಡನೆಯದು 2020ರಲ್ಲಿ ಹೆಸರು ಬದಲಿಸಿಕೊಂಡಿತು, ನಮ್ಮ ಮಾರಿ ಬದಲಾಗಲಿಲ್ಲ.

ಕುತ್ತಿಗೆಯ ಹಿಂದಿನ ದಪ್ಪ ಕಪ್ಪು ಈ ಗ್ರಂಥದ ವ್ಯಾಪ್ತಿಗೆ ಬಾರದು. ಆದರೂ ಮಗನನ್ನು ಬಚ್ಚಲಲ್ಲಿ ಕೂಡಿಸಿ ಕಲ್ಲಿನಿಂದ ತಿಕ್ಕುವ ತಾಯಂದಿರಿಗೆ ಹೇಳಲೇಬೇಕು: ಅದು ಮಣ್ಣಲ್ಲ. ಬಹಳ ಸಲ ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲವೆಂಬ ಸೂಚನೆ. ಕಲ್ಲು ಇಟ್ಟು ಸಕ್ಕರೆ ಪರೀಕ್ಷೆ ಮಾಡಿಸಿರಿ.

ಬಂಗಿಗೆ ಪರಮೌಷಧ ಸನ್‌ಸ್ಕ್ರೀನ್. ಎರಡು ಬೆರಳುದ್ದ, ಬಿಸಿಲಲ್ಲಿದ್ದರೆ ಎರಡು ತಾಸಿಗೊಮ್ಮೆ. ಈ ಲೆಕ್ಕದಲ್ಲಿ 50 ಗ್ರಾಂ ಟ್ಯೂಬು ಎರಡು ವಾರವೂ ಬಾಳಿಕೆ ಬರುವುದು ಕಷ್ಟ, ಅದರ ಬೆಲೆ ಕೂಲಿಯನ್ನು ನುಂಗುತ್ತದೆ. ಹಾಗಾಗಿ ಅಗಲ ಅಂಚಿನ ಟೊಪ್ಪಿಗೆಯೂ ಶಾಸ್ತ್ರಸಮ್ಮತ. "ಹನ್ನೊಂದರಿಂದ ಮೂರರ ತನಕ ಬಿಸಿಲಿಗೆ ಹೋಗಬ್ಯಾಡ್ರಿ" ಎಂಬ ವೈದ್ಯವಾಕ್ಯಕ್ಕೆ ಹೊಲದ ಕಡೆಯಿಂದ ಬಂದ ಆಕ್ಷೇಪ ಇದು: "ಹಂಗಾರ ಕಸಾ ತಗ್ಯಾಕ ನೀವು ಬರ್ತೀರೇನ್ರಿ, ಡಾಕ್ಟರ್ ಸಾಹೇಬ್ರ?"

ಇದಕ್ಕೆ ಉತ್ತರಪಕ್ಷ ಇನ್ನೂ ಮಂಡನೆಯಾಗಿಲ್ಲ.