ನವಿಲಿಗೆ ಬಡ್ತಿ

ಮನುಷ್ಯನ ಹೃದಯದಲ್ಲಿ ಏಳು ಪ್ರಾಣಿಗಳು ಬಿಡಾರ ಹೂಡಿವೆ. ಇದು ನನ್ನ ಸಂಶೋಧನೆಯಲ್ಲ. ಯೋಹಾನ್ನೆಸ್ ಗಾಸ್ನರ್ ಎಂಬ ಜರ್ಮನ್ ಪಾದ್ರಿ 1812ರಲ್ಲಿ ಹೊರತಂದ ಪುಟ್ಟ ಪುಸ್ತಕದಲ್ಲಿ ಚಿತ್ರಸಮೇತ ಇದೆ. ನವಿಲು ಅಂದರೆ ಗರ್ವ, ಆಡು ಅಂದರೆ ಕಾಮ, ಹಂದಿ ಹೊಟ್ಟೆಬಾಕತನ, ಆಮೆ ಸೋಮಾರಿತನ, ಹುಲಿ ಕೋಪ, ಹಾವು ಮತ್ಸರ, ಕಪ್ಪೆ ದುರಾಸೆ. ನಡುವೆ ಸೈತಾನ, ಬಾಡಿಗೆ ವಸೂಲಿಗೆ ಬಂದ ಮಾಲೀಕನ ಗತ್ತಿನಲ್ಲಿ. ಈ ಎಲ್ಲ ಗದ್ದಲದ ಮೇಲೆ, ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ, ಒಂದು ಮುಖ. ಕೆಳಗೆ ನಡೆಯುತ್ತಿರುವುದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಅದು ಪಾಸ್‌ಪೋರ್ಟ್ ಫೋಟೊಗೆ ಕೂತಿದೆ.

ಪುಸ್ತಕ ಬರೆದಾಗ ಗಾಸ್ನರ್ ಕಥೋಲಿಕ ಗುರು. 1826ರಲ್ಲಿ ಪ್ರೊಟೆಸ್ಟೆಂಟ್ ಆದ. ಪಂಗಡ ಬದಲಾಯಿತು, ಪ್ರಾಣಿಗಳು ಅವೇ ಉಳಿದವು.

ಮಿಷನರಿಗಳು ಈ ಚಿತ್ರಗಳನ್ನು ಆಫ್ರಿಕಕ್ಕೂ ಒಯ್ದರು, ಭಾರತಕ್ಕೂ ತಂದರು. ಇಲ್ಲಿಗೆ ಬಂದಾಗ ಆದ ಫಜೀತಿಯನ್ನು ಊಹಿಸಿಕೊಂಡರೆ ಈಗಲೂ ನಗು ಬರುತ್ತದೆ. ಸಂತೆಯಲ್ಲಿ ನಿಂತು ಚಿತ್ರ ಬಿಚ್ಚಿ, ಇಗೋ ನಿಮ್ಮೊಳಗಿನ ಪಾಪಗಳು ಎಂದರೆ ಜನಕ್ಕೆ ಕಾಣುವುದೇನು? ನವಿಲು ಸುಬ್ರಹ್ಮಣ್ಯನ ವಾಹನ. ಹಾವಿಗೆ ನಾಗರಪಂಚಮಿಗೆ ಹಾಲೆರೆದು ಬಂದಿದ್ದಾರೆ. ಆಮೆ, ಹಂದಿ ಎರಡೂ ದಶಾವತಾರದಲ್ಲಿವೆ. ಹುಲಿಯ ಮೇಲೆ ದೇವಿ ಕೂತಿದ್ದಾಳೆ. ಕಪ್ಪೆಗೆ ಮಳೆ ಬಾರದ ವರ್ಷ ಮದುವೆ ಮಾಡಿಸುತ್ತಾರೆ. ಉಳಿದದ್ದು ಆಡೊಂದೇ, ಅದು ಸಂತೆಗೆ ಬಂದದ್ದೇ ಬೇರೆ ಉದ್ದೇಶಕ್ಕೆ. ಇಷ್ಟೆಲ್ಲ ಇರುವ ಎದೆ ಪಾಪಿಯದು ಹೇಗಾಗುತ್ತದೆ ಸ್ವಾಮಿ, ಅದು ದೇವಸ್ಥಾನವಲ್ಲವೇ ಎಂದು ಯಾರಾದರೂ ಕೇಳಿದ್ದರೆ ಉತ್ತರ ಕಷ್ಟವಿತ್ತು.

ಪಟ್ಟಿಯೇನೂ ಗಾಸ್ನರನದಲ್ಲ. 4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಮನಸ್ಸನ್ನು ಕಾಡುವ ಯೋಚನೆಗಳನ್ನು ಎಣಿಸಿ ಎಂಟು ಎಂದ. ಅವನ ಮಧ್ಯಾಹ್ನದ ದೆವ್ವ ನನಗೆ ಬಹಳ ಪರಿಚಿತ: ಅದು ಹಿಡಿದವನಿಗೆ ಹಗಲು 50 ಗಂಟೆಯಷ್ಟು ಉದ್ದ ಕಾಣುತ್ತದೆ, ಕಿಟಕಿಯಾಚೆ ಕಣ್ಣು ಹೋಗುತ್ತದೆ, ಊಟದ ಹೊತ್ತಾಯಿತೇ ಎಂದು ಸೂರ್ಯನನ್ನು ನೋಡುತ್ತಾನೆ. ನಮ್ಮ ಕಚೇರಿಗಳಲ್ಲಿ ಆ ದೆವ್ವ ಕಾಯಂ ನೌಕರ. 6ನೇ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗರಿ ಪಟ್ಟಿಯನ್ನು ಪರಿಷ್ಕರಿಸಿ ಪಾಪಗಳನ್ನು ಏಳಕ್ಕೆ ತಂದರು. ಗರ್ವವನ್ನು ಮಾತ್ರ ಏಳರಲ್ಲಿ ಸೇರಿಸದೆ, ಇದು ಎಲ್ಲಕ್ಕೂ ರಾಣಿ ಎಂದು ಪ್ರತ್ಯೇಕವಾಗಿ ಮೇಲೆ ಕೂರಿಸಿದರು. ಗ್ರೆಗರಿಯ ಉದ್ದೇಶ ಗಂಭೀರವಾದದ್ದೇ. ಆದರೆ ಆಡಳಿತ ಬಲ್ಲವರಿಗೆ ಒಳಮರ್ಮ ತಿಳಿಯುತ್ತದೆ: ಆರೋಪಿಗಳ ಪಟ್ಟಿಯಿಂದ ಮೊದಲ ಆರೋಪಿಯನ್ನು ಬಿಡಿಸಬೇಕಾದರೆ ಅವನಿಗೆ ಬಡ್ತಿ ಕೊಡಬೇಕು.

ಆ ಬಡ್ತಿಯ ಆದೇಶ ನಮ್ಮ ಸಭೆಯಲ್ಲಿ ಇನ್ನೂ ಜಾರಿಯಲ್ಲಿದೆ. ಮೊನ್ನೆ ಭಾನುವಾರ ಅಯ್ಯನವರು ಯೆರೆಮೀಯನ ಮಾತು ಹಿಡಿದು, ಹೃದಯದಷ್ಟು ಮೋಸದ್ದು ಇನ್ನೊಂದಿಲ್ಲ ಎಂದು ಮುಕ್ಕಾಲು ಗಂಟೆ ಪ್ರಸಂಗ ಮಾಡಿದರು. ಗಾಸ್ನರನ ಇನ್ನೊಂದು ಚಿತ್ರದಲ್ಲಿ ಭಕ್ತಿ ತಣ್ಣಗಾದವನ ಒಂದು ಕಣ್ಣು ತೂಕಡಿಸುತ್ತದೆ, ಇನ್ನೊಂದು ಲೋಕವನ್ನು ನೋಡುತ್ತಿರುತ್ತದೆ. ನಮ್ಮ ಬೆಂಚುಗಳಲ್ಲೂ ಅದೇ ಭಂಗಿ. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಬಾಗಿಲಲ್ಲಿ ಅಯ್ಯನವರ ಕೈ ಹಿಡಿದು, "ಬಹಳ ಚೆನ್ನಾಗಿತ್ತು ಅಯ್ಯನವರೇ, ಕೇಳಬೇಕಾದವರೇ ಇವತ್ತು ಬಂದಿರಲಿಲ್ಲ" ಎಂದರು. ಪ್ರಸಂಗದ ರೆಕಾರ್ಡಿಂಗ್ ಮಧ್ಯಾಹ್ನದೊಳಗೆ ಅವರಿಂದಲೇ ಮೂರು ವಾಟ್ಸ್‌ಆ್ಯಪ್ ಗುಂಪುಗಳಿಗೆ, ಮುಖ್ಯವಾಗಿ ಜಾಗದ ತಕರಾರಿರುವ ತಮ್ಮನಿಗೆ, ತಲುಪಿತು.

ಬಾಯೊಳಗೆ ಹೋಗುವುದು ಮನುಷ್ಯನನ್ನು ಕೆಡಿಸುವುದಿಲ್ಲ, ಹೃದಯದಿಂದ ಹೊರಬರುವುದೇ ಕೆಡಿಸುತ್ತದೆ ಎಂದು ಯೇಸು ಹೇಳಿದ್ದು ಮಾರ್ಕನ 7ನೇ ಅಧ್ಯಾಯದಲ್ಲಿದೆ. ಮೊದಲರ್ಧವನ್ನು ನಾವು ಮದುವೆ ಊಟಗಳಲ್ಲಿ ಚಾಚೂ ತಪ್ಪದೆ ಪಾಲಿಸುತ್ತೇವೆ. ಎರಡನೆಯ ಅರ್ಧಕ್ಕೆ ಮನೆ ಪ್ರಾರ್ಥನೆ ಇದೆ. ಅಲ್ಲಿ ಚಾಡಿ ಹೇಳುವುದು ನಿಷಿದ್ಧ, 'ಪ್ರಾರ್ಥನೆಯ ವಿಷಯ' ಹೇಳಬಹುದು. "ಆ ಕೊನೆ ಮನೆ ಸೊಸೆಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡ್ರಮ್ಮಾ. ಏನೂಂತ ಮಾತ್ರ ಕೇಳಬೇಡಿ, ನಾನು ಹೇಳೋ ಹಾಗಿಲ್ಲ." ಆಮೇಲೆ 20 ನಿಮಿಷ ಹೇಳುತ್ತಾರೆ. ಸರ್ವಜ್ಞನಾದ ದೇವರಿಗೆ ಇಸವಿ, ವಾರ, ಹುಡುಗನ ಬೈಕಿನ ಬಣ್ಣ ಎಲ್ಲವನ್ನೂ ಬಿಡಿಸಿ ತಿಳಿಸಲಾಗುತ್ತದೆ. ಎಲ್ಲರೂ ಕಣ್ಣು ಮುಚ್ಚಿರುತ್ತಾರೆ, ಕಿವಿ ಮುಚ್ಚುವ ಪದ್ಧತಿ ನಮ್ಮಲ್ಲಿಲ್ಲ.

ಇನ್ನು ಸಾಕ್ಷಿ. ಎದ್ದು ನಿಂತು ತನ್ನ ಬದುಕು ಹೇಗೆ ಬದಲಾಯಿತೆಂದು ಹೇಳುವ ಹೊತ್ತು. ಅಲ್ಲಿ ದೆವ್ವಭೂತಗಳೆಲ್ಲ ಭೂತಕಾಲದಲ್ಲೇ ಇರುತ್ತವೆ. ಕುಡಿಯುತ್ತಿದ್ದೆ, ಇಸ್ಪೀಟಾಡುತ್ತಿದ್ದೆ, ಹೆಂಡತಿಗೆ ಹೊಡೆಯುತ್ತಿದ್ದೆ. ಎಲ್ಲ 15 ವರ್ಷದ ಹಿಂದೆ. ಹೇಳುತ್ತ ಹೇಳುತ್ತ ಬಾಟಲಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತದೆ. ನಿನ್ನೆ ಸಂಜೆ ಬೇಲಿಯ ಕಲ್ಲನ್ನು ಒಂದಡಿ ಆಚೆ ಸರಿಸಿದೆ ಎಂದು ವರ್ತಮಾನಕಾಲದಲ್ಲಿ ಸಾಕ್ಷಿ ಹೇಳಿದವನನ್ನು ನಾನಿನ್ನೂ ಕಂಡಿಲ್ಲ. ಹೇಳಿದರೆ ಆ ಸಾಕ್ಷಿ ಸಭೆಯಲ್ಲಿ ನಿಲ್ಲದೆ ಕೋರ್ಟಿಗೂ ಹೋಗುತ್ತದೆ, ಅದೂ ಒಂದು ತೊಡಕು.

ಪ್ರಾರ್ಥನೆಗೆ ಕೋಣೆಯ ಬಾಗಿಲು ಹಾಕಿಕೊಳ್ಳಬೇಕು, ಉಪವಾಸವಿದ್ದರೆ ತಲೆಗೆ ಎಣ್ಣೆ ಹಚ್ಚಿ ಯಾರಿಗೂ ಗೊತ್ತಾಗದ ಹಾಗೆ ಇರಬೇಕು ಎಂಬುದೂ ಯೇಸುವಿನ ಬೋಧನೆಯೇ. ಬಸ್ ನಿಲ್ದಾಣದ ಎದುರು 40 ದಿನದ ಉಪವಾಸ ಪ್ರಾರ್ಥನೆಯ ಫ್ಲೆಕ್ಸ್ ಕಟ್ಟಿದ್ದಾರೆ, ನಡುವೆ ಉಪವಾಸ ಮಾಡುವವರ ಫೋಟೊ. ಎಣ್ಣೆಯ ಮಾತನ್ನು ಪಾಲಿಸಿದ್ದಾರೆ ಅನ್ನಬೇಕು, ತಲೆ ಫಳಫಳ ಹೊಳೆಯುತ್ತಿದೆ.

ಇವೆಲ್ಲ ಬರೆಯುವಾಗ ನನ್ನ ಎದೆ ಶುಚಿಯಾಗಿ ಗುಡಿಸಿದಂತೆ ಅನಿಸುತ್ತಿತ್ತು. ಆಗ ಕಾಸಿಯನ್ ನೆನಪಾದ. ಎವಾಗ್ರಿಯಸನ ಪಾಠವನ್ನು ಪಶ್ಚಿಮಕ್ಕೆ ಒಯ್ದ ಈ ಸನ್ಯಾಸಿ, ಹೊಗಳಿಕೆಯ ಹಂಬಲವನ್ನು ಹಿರಿಯರು ಈರುಳ್ಳಿಗೆ ಹೋಲಿಸುತ್ತಿದ್ದರೆಂದು ಬರೆದಿದ್ದಾನೆ: ಒಂದು ಸಿಪ್ಪೆ ಸುಲಿದರೆ ಕೆಳಗೆ ಇನ್ನೊಂದು. ಈರುಳ್ಳಿ ಸುಲಿಯುವಾಗ ಕಣ್ಣಲ್ಲಿ ನೀರೂ ಬರುತ್ತದೆಂದು ಅವನು ಬರೆಯಲಿಲ್ಲ. ಅಲ್ಲೇ ನಾವು ಮೋಸ ಹೋಗುವುದು, ಪಶ್ಚಾತ್ತಾಪದ ಕಣ್ಣೀರೆಂದು ತಿಳಿದು ಒರೆಸಿಕೊಳ್ಳದೆ ನಾಲ್ಕು ಜನಕ್ಕೆ ಕಾಣುವಂತೆ ಕೂರುತ್ತೇವೆ.

ಸಂಪಾದಕರು ಫೋನ್ ಮಾಡಿ, ಅಂಕಣದ ಮೇಲೆ ಹಾಕಲು ಒಂದು ಫೋಟೊ ಕಳಿಸಿ ಅಂದರು. ಸ್ಟುಡಿಯೋಗೆ ಹೋಗಿ ತಲೆ ಬಾಚಿ ಮೂರು ತೆಗೆಸಿದೆ. ಮೂರನೆಯದನ್ನು ನವಿಲು ಆರಿಸಿತು.