ಕಿಳ್ಳೇಕ್ಯಾತನ ಅಂತರ್‌ಪ್ರಸಂಗ ಸಂಚಾರ: ಒಂದು ತೌಲನಿಕ, ವಿಶ್ಲೇಷಣಾತ್ಮಕ ಮತ್ತು ಅನಗತ್ಯ ಅಧ್ಯಯನ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟವನ್ನು ಲೋಕಾರ್ಪಣೆ ಮಾಡಿದರು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಇಪ್ಪತ್ತು ಮುಖದ ದಾಳ ಉರುಳಿಸಿ, ಸೂತ್ರಧಾರ ಹೇಳಿದ ರಾಕ್ಷಸರನ್ನು ಕೊಲ್ಲುವ ಆಟವಿದು. ತಿಂಗಳಾನುಗಟ್ಟಲೆ ಸಾಗುವ ಇಂಥ ಒಂದು ಕಥೆಯನ್ನು ಪ್ರಸ್ತುತ ಅಧ್ಯಯನವು ‘ಪ್ರಸಂಗ’ ಎಂದು ಕರೆಯುತ್ತದೆ. ಒಂದು ಪ್ರಸಂಗ ಮುಗಿದ ಮೇಲೆ ಅದರ ಪಾತ್ರವನ್ನು ಇನ್ನೊಂದಕ್ಕೆ ದಾಟಿಸುವುದು ಹೇಗೆ ಎಂಬ ಪ್ರಶ್ನೆ ಈ ಆಟಗಾರರನ್ನು ಅರ್ಧ ಶತಮಾನದಿಂದ ಕಾಡುತ್ತಿದೆ. ಕೊಪ್ಪಳ ಜಿಲ್ಲೆಯಲ್ಲಿ ಇದು ಯಾವತ್ತೋ ಬಗೆಹರಿದಿದೆ, ಅತ್ತ ಹೋಗಿ ಯಾರೂ ಹೇಳಿಲ್ಲ ಅಷ್ಟೇ ಎಂಬುದು ಈ ಪ್ರಬಂಧದ ಪ್ರಮೇಯ.

ಅಧ್ಯಯನದ ವ್ಯಾಪ್ತಿ: ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ಅಧ್ಯಯನದ ಮಿತಿ: ಸಂಶೋಧಕನ ನಿದ್ದೆ. ಅಧ್ಯಯನಕ್ಕೆ ಆಯ್ದುಕೊಂಡ ಇಲ್ಲಿನ ದೊಡ್ಡಾಟ, ತೊಗಲುಗೊಂಬೆಯಾಟ ಎರಡೂ ಬೆಳತನಕ ನಡೆಯುವುದರಿಂದ ರಾತ್ರಿ ಎರಡರಿಂದ ನಾಲ್ಕರವರೆಗಿನ ಕಥಾಭಾಗವನ್ನು ವ್ಯಾಪ್ತಿಯಿಂದ ಕೈಬಿಡಲಾಗಿದೆ. ವ್ಯಾಪ್ತಿಯಲ್ಲೂ ಒಂದು ತೊಡಕುಂಟು. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಹೊಗಳಿದ ಇಟಗಿಯ ಗುಡಿ ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರಿನದು. ಗುಡಿ ಒಂದಡಿಯೂ ಸರಿದಿಲ್ಲ. ಇಡೀ ಸೀಮೆಯ ಕಥೆಯೂ ಇಷ್ಟೇ: ನಿಜಾಮರ ಪ್ರಸಂಗ, 1956ರಿಂದ ಮೈಸೂರು ರಾಜ್ಯದ ಪ್ರಸಂಗ, 1973ರಿಂದ ಕರ್ನಾಟಕದ ಪ್ರಸಂಗ, ಅಷ್ಟರಲ್ಲೇ ಒಳಪ್ರಸಂಗವಾಗಿ ರಾಯಚೂರು ಜಿಲ್ಲೆ, 1997ರಿಂದ ಕೊಪ್ಪಳ ಜಿಲ್ಲೆ. ಪಾತ್ರಧಾರಿ ಮಾತ್ರ ಅದೇ ಕಟ್ಟೆಯ ಮೇಲೆ ಅದೇ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾನೆ. ಕೂತಲ್ಲೇ ಪ್ರಸಂಗ ಬದಲಾಗುವ ಈ ವಿಧಾನವನ್ನು ಮೇಜಿನಾಟದವರು ಇನ್ನೂ ಕಂಡುಕೊಂಡಂತಿಲ್ಲ.

ಇನ್ನು ಪಾತ್ರ ದಾಟಿಸುವ ಪದ್ಧತಿಗಳ ವಿಚಾರ.

ಮೊದಲನೆಯದು ಚಿರಂಜೀವಿ ಪದ್ಧತಿ. ಹನುಮ ಹುಟ್ಟಿದ್ದೆನ್ನುವ, ಆನೆಗೊಂದಿಯ ಬಳಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ, ಹತ್ತಿದ ಮೇಲೆ ಕೇಳುವ ಉಸಿರೂ ಅವರಲ್ಲಿ ಇರುವುದಿಲ್ಲ. (2021ರಲ್ಲಿ ತಿರುಮಲದವರು ಹನುಮ ಹುಟ್ಟಿದ್ದು ತಮ್ಮ ಬೆಟ್ಟದಲ್ಲಿ ಎಂದರು. ಒಂದೇ ಪಾತ್ರಕ್ಕೆ ಇಬ್ಬರು ಸೂತ್ರಧಾರರು ಹಕ್ಕು ಹೂಡಿದ ಈ ಮೊಕದ್ದಮೆ ನಮ್ಮ ವ್ಯಾಪ್ತಿಗೆ ಹೊರತು. ಗಂಗಾವತಿಯ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಐದು ನಿಮಿಷದಲ್ಲಿ ತೀರ್ಪು ಸಿಗುತ್ತದೆ.) ರಾಮಾಯಣ ಮುಗಿದರೂ ಹನುಮ ಮುಗಿಯುವುದಿಲ್ಲ. ಸೌಗಂಧಿಕಾ ಪುಷ್ಪಕ್ಕೆ ಹೊರಟ ಭೀಮನ ದಾರಿಗೆ ಬಾಲ ಚಾಚಿ ಮಲಗಿ, ಮಹಾಭಾರತದೊಳಕ್ಕೆ ನುಗ್ಗುತ್ತಾನೆ. ಆದರೆ ಈ ಪದ್ಧತಿಯಲ್ಲಿ ಒಂದು ಅಪಾಯವಿದೆ. ಹಿಂದಿನ ಪ್ರಸಂಗದಲ್ಲಿ ಲಂಕೆ ಸುಟ್ಟವನನ್ನು ಕುರುಕ್ಷೇತ್ರದಲ್ಲಿ ಪೂರ್ತಿ ಬಿಟ್ಟರೆ ಹದಿನೆಂಟು ದಿನದ ಯುದ್ಧ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯುತ್ತದೆ. ವ್ಯಾಸರು ಅವನನ್ನು ಅರ್ಜುನನ ಧ್ವಜದ ಮೇಲೆ ಕೂರಿಸಿದರು. ನಿವೃತ್ತ ಅಧಿಕಾರಿಯನ್ನು ಸಲಹಾ ಸಮಿತಿಗೆ ಹಾಕಿದ ಹಾಗೆ: ಗೌರವ ಇದೆ, ಕಾಣಿಸುತ್ತಾನೆ, ಸಹಿ ಹಾಕುವ ಅಧಿಕಾರ ಇಲ್ಲ. ಇದಕ್ಕೆ ‘ಧ್ವಜಾರೋಪಣ ತಂತ್ರ’ ಎಂದು ಹೆಸರಿಡಲಾಗಿದೆ. ಜಾಂಬವಂತನಿಗೆ ಈ ಎಚ್ಚರಿಕೆ ವಹಿಸದ ಕಾರಣ ಸ್ಯಮಂತಕ ಮಣಿಗಾಗಿ ಕೃಷ್ಣನೇ 28 ದಿನ ಗುದ್ದಾಡಬೇಕಾಯಿತು.

ಎರಡನೆಯದು ಪುನರ್ಜನ್ಮ ಪದ್ಧತಿ. ಕಿಷ್ಕಿಂಧೆಯಲ್ಲಿ ಮರೆಯಿಂದ ಬಾಣ ತಿಂದು ಸತ್ತ ವಾಲಿಯೇ ಮುಂದಿನ ಯುಗದಲ್ಲಿ ಜರನೆಂಬ ಬೇಡನಾಗಿ ಹುಟ್ಟಿ ಕೃಷ್ಣನ ಅಂಗಾಲಿಗೆ ಬಾಣ ಬಿಟ್ಟ ಎಂದು ಜನ ನಂಬುತ್ತಾರೆ. ಅಂದರೆ ಗಂಗಾವತಿ ತಾಲ್ಲೂಕಿನ ಬಾಕಿ ಗುಜರಾತಿನ ಪ್ರಭಾಸದಲ್ಲಿ ವಸೂಲಾಯಿತು. ಮಾಧ್ವ ಪರಂಪರೆಯ ಲೆಕ್ಕ ಇನ್ನೂ ಅಚ್ಚುಕಟ್ಟು: ಪ್ರಹ್ಲಾದನೇ ಬಾಹ್ಲೀಕನಾಗಿ ಭಾರತಯುದ್ಧಕ್ಕೆ ಬಂದ, ಅವನೇ ವ್ಯಾಸರಾಜರಾದ, ಅವರೇ ರಾಘವೇಂದ್ರರು. ಇವರಲ್ಲಿ ವ್ಯಾಸರಾಜರ ವೃಂದಾವನ ಆನೆಗೊಂದಿಯ ನವವೃಂದಾವನದಲ್ಲೇ, ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ನಾಲ್ಕು ಪ್ರಸಂಗ, ಒಬ್ಬನೇ ಆಟಗಾರ. ಪಾತ್ರದ ವಿವರ ಬರೆದ ಒಂದೂ ಹಾಳೆ ಕಳೆದಿಲ್ಲ.

ಮೂರನೆಯದು ಹುಸಿಮರಣ. ಮಲತಾಯಿ ರತ್ನಾಜಿಯ ದೂರು ನಂಬಿ ಕಂಪಿಲರಾಯ ಮಗ ಕುಮಾರರಾಮನ ತಲೆ ತೆಗೆಯಲು ಹೇಳಿದಾಗ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಬೇರೆ ಯಾರದೋ ತಲೆ ತೋರಿಸಿದ. ದಿಲ್ಲಿಯ ದಂಡು ಮತ್ತೆ ಬಂದ ಹೊತ್ತಿಗೆ ಸರಿಯಾಗಿ ಕುಮ್ಮಟದುರ್ಗದಲ್ಲಿ ರಾಮ ಎದ್ದು ಬಂದ. ಇಂದಿನ ಧಾರಾವಾಹಿಗಳು ಇದನ್ನು ಎಷ್ಟು ಉಜ್ಜಿವೆಯೆಂದರೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ಈ ಮೂರೂ ಪದ್ಧತಿಗಳು ಹೆಚ್ಚಾಗಿ ಗಂಗಾವತಿಯವು ಎಂಬುದನ್ನು ಚುರುಕು ಓದುಗರು ಗಮನಿಸಿರಬಹುದು. ಅಲ್ಲಿ ಅಂಜನಾದ್ರಿ, ಪಂಪಾಸರೋವರ, ಕುಮ್ಮಟದುರ್ಗ ಎಲ್ಲ ಕೂಗಳತೆಯಲ್ಲಿವೆ. ಕಥೆ ಮರೆತರೂ ಕಲ್ಲು ನೆನಪಿಸುತ್ತದೆ. ಸಾಲದ್ದಕ್ಕೆ ಎಡದಂಡೆ ಕಾಲುವೆಯ ನೀರು, ಭತ್ತ. ಕುಷ್ಟಗಿ, ಯಲಬುರ್ಗಾಗಳ ಮಳೆ ನೆಚ್ಚಿದ ಹೊಲಗಳಿಗೆ ಕಾಲುವೆಯೂ ಇಲ್ಲ, ಕಿಷ್ಕಿಂಧೆಯೂ ಇಲ್ಲ. ಅಲ್ಲಿ ಕಥೆ ತಾನೇ ನಡೆದು ಬರಬೇಕು, ತೊಗಲುಗೊಂಬೆಯ ಪೆಟ್ಟಿಗೆಯಲ್ಲಿ ಕೂತು. ಗಂಗಾವತಿಯದು ಸ್ಥಾವರ ಕೊಂಡಿ, ಉಳಿದ ಕಡೆಯದು ಜಂಗಮ ಕೊಂಡಿ.

ಆ ಪೆಟ್ಟಿಗೆಯಲ್ಲಿ ನಮ್ಮ ನಾಯಕನಿದ್ದಾನೆ.

ತೊಗಲುಗೊಂಬೆಯಾಟ ಶಿಳ್ಳೇಕ್ಯಾತ ಸಮುದಾಯದ ಮನೆತನಗಳ ವಿದ್ಯೆ. ಚರ್ಮ ಹದಮಾಡಿ, ಕೆತ್ತಿ, ಬಣ್ಣ ಕೊಟ್ಟು, ಬಿಳಿ ಪರದೆಯ ಹಿಂದೆ ದೀಪ ಹಚ್ಚಿ ಆಡಿಸುತ್ತಾರೆ. ಮಳೆ ಕೈಕೊಟ್ಟ ವರ್ಷ ಆಟ ಆಡಿಸಿದರೆ ಮಳೆಯಾಗುತ್ತದೆಂಬ ನಂಬಿಕೆಯಿದೆ. ಕೊಪ್ಪಳ ಜಿಲ್ಲೆಯ ಮೊರನಾಳದಲ್ಲಿ ಈ ಕೆಲಸಕ್ಕೇ ಬದುಕು ತೇಯ್ದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ಮೇಲೆ, ಪದ್ಮಶ್ರೀ ಬಂತು. ಸರ್ಕಾರದ ದೀಪ ಪರದೆಯ ಹಿಂದಕ್ಕೆ ತಲುಪಲು ಇಷ್ಟು ಹೊತ್ತು ಹಿಡಿಯಿತು ಎಂಬುದನ್ನು ಅಧ್ಯಯನವು ಶೈಕ್ಷಣಿಕ ತಟಸ್ಥತೆಯಿಂದ ದಾಖಲಿಸುತ್ತದೆ.

ರಾಮಾಯಣ ಆಡಿಸಲಿ, ಕುರುಕ್ಷೇತ್ರ ಆಡಿಸಲಿ, ಪರದೆಯ ಮೇಲೆ ಕಿಳ್ಳೇಕ್ಯಾತ ಬಂದೇ ಬರುತ್ತಾನೆ. ಕಪ್ಪು ಮೈ, ಡೊಳ್ಳು ಹೊಟ್ಟೆ, ಕೆದರಿದ ಗುಂಗುರು ಕೂದಲು, ತಡೆಯಿಲ್ಲದ ನಾಲಿಗೆ. ಜೊತೆಗೆ ಹೆಂಡತಿ ಬಂಗಾರಕ್ಕ. ಸೀತೆ ಈಗಷ್ಟೇ ಅತ್ತು ಹೋದ ಪರದೆಯ ಮೇಲೆ ಇವರಿಬ್ಬರೂ ಜಗಳ ತೆಗೆಯುತ್ತಾರೆ. ಜಗಳದಲ್ಲಿ ರೇಷನ್ ಅಂಗಡಿ ಬರುತ್ತದೆ, ಊರ ಪಂಚಾಯ್ತಿ ಬರುತ್ತದೆ. ತ್ರೇತಾಯುಗದಲ್ಲಿ ರೇಷನ್ ಎಲ್ಲಿಂದ ಬಂತು ಎಂದು ಕೂತ ಜನರಲ್ಲಿ ಒಬ್ಬರೂ ಕೇಳುವುದಿಲ್ಲ. ಕೇಳಬೇಕೆನಿಸುವುದು ಪಿಎಚ್‌ಡಿ ಮಾಡುವವರಿಗೆ ಮಾತ್ರ.

ಯಾಕೆ ಕೇಳುವುದಿಲ್ಲ? ಇಲ್ಲಿಯೇ ಪ್ರಬಂಧದ ಸೂತ್ರವಿದೆ: ಪಾತ್ರವೊಂದರ ದಾಟುವ ಶಕ್ತಿಯು ಅದರ ಪೂರ್ವಕಥೆಯ ಉದ್ದಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಕಿಳ್ಳೇಕ್ಯಾತನಿಗೆ ಗೋತ್ರವಿಲ್ಲ, ಶಾಪವಿಲ್ಲ, ವರವಿಲ್ಲ, ತೀರಿಸಬೇಕಾದ ಸೇಡಿಲ್ಲ. ನಿನ್ನೆ ರಾತ್ರಿ ಲಂಕೆಯಲ್ಲಿದ್ದದ್ದು ಇಂದು ಹಸ್ತಿನಾವತಿಯಲ್ಲಿ ಅವನಿಗೆ ನೆನಪಿಲ್ಲ, ಇದ್ದರೂ ಉಪಯೋಗವಿಲ್ಲ. ಹನುಮನನ್ನು ದಾಟಿಸಲು ವ್ಯಾಸರಿಗೆ ಧ್ವಜ ಬೇಕಾಯಿತು, ವಾಲಿಯನ್ನು ದಾಟಿಸಲು ಒಂದು ಯುಗವೇ ಬೇಕಾಯಿತು. ಇವನಿಗೆ ದೀಪ ಆರದಿದ್ದರೆ ಸಾಕು. ಮೇಜಿನಾಟದ ಎಳೆಯರು ಆಟ ಶುರುವಾಗುವ ಮೊದಲೇ ತಮ್ಮ ಪಾತ್ರಕ್ಕೆ ಹಾಳೆಗಟ್ಟಲೆ ಬಾಲ್ಯದ ದುಃಖ ಬರೆದು ತರುತ್ತಾರಂತೆ. ಆ ಹೊರೆ ಹೊತ್ತು ಯಾರು ಎಲ್ಲಿಗೆ ದಾಟಿಯಾರು?

ಪೂರ್ವಪಕ್ಷ: ದೊಡ್ಡಾಟದ ಸಾರಥಿಯೂ ಎಲ್ಲ ಪ್ರಸಂಗದಲ್ಲಿ ಇರುತ್ತಾನಲ್ಲ? ನಿಜ. ರಂಗಕ್ಕೆ ಬಂದ ಪ್ರತಿ ರಾಜನನ್ನೂ ತಡೆದು, ತಾವು ಯಾರು, ಯಾವ ಪಟ್ಟಣ, ಬಂದ ಕಾರಣವೇನು ಎಂದು ವಿಚಾರಿಸುವವನು ಅವನೇ. ಆದರೆ ಸಾರಥಿಗೆ ನೌಕರಿಯಿದೆ, ವಿಚಾರಣೆ ಅವನ ಕರ್ತವ್ಯ. ಕಿಳ್ಳೇಕ್ಯಾತನನ್ನು ಯಾರೂ ಕರೆದಿರುವುದಿಲ್ಲ. ಈ ಸೂಕ್ಷ್ಮ ಭೇದವನ್ನು ಕುಷ್ಟಗಿ ಕಡೆಯ ವಕ್ತೃ ಹಿರಿಯರೊಬ್ಬರ ಮುಂದೆ ಮಂಡಿಸಿದಾಗ ಅವರು, “ಸರ, ಇಷ್ಟು ತಿಳದೀರಿ ಅಂದ್ರ ಆಟ ನೋಡಾಕ ಯಾಕ ಬಂದ್ರಿ?” ಎಂದರು. ಈ ಹೇಳಿಕೆಯನ್ನು ಸಮರ್ಥನೆ ಎಂದು ಪರಿಗಣಿಸಲಾಗಿದೆ.

ಬಂಗಾರಕ್ಕನ ವಿಷಯ ಇಲ್ಲಿ ಹೆಚ್ಚು ಬಂದಿಲ್ಲ. ಗಂಡನಷ್ಟೇ ಪ್ರಸಂಗಗಳನ್ನು ಅವಳೂ ದಾಟಿದ್ದಾಳೆ, ಅದೂ ಅವನನ್ನು ಬೈಯುತ್ತಲೇ. ಅವಳಿಗೊಂದು ಅಧ್ಯಾಯ ಸೇರಿಸುತ್ತೇನೆ ಎಂದಾಗ ಮಾರ್ಗದರ್ಶಕರು, “ಬ್ಯಾಡ, ಅದನ್ನ ಮುಂದಿನ ಪ್ರಾಜೆಕ್ಟಿಗೆ ಇಟ್ಕೋರಿ” ಎಂದು ಸಲಹೆ ಕೊಟ್ಟರು. ಆ ಪ್ರಾಜೆಕ್ಟಿನಲ್ಲಿಯೂ ಸಂಶೋಧಕ ನಾನೇ, ಮಾರ್ಗದರ್ಶಕರೂ ಅವರೇ.